ಆಂಪ್ಲಿಫೈಯರ್ ಸತ್ತಿದೆ ಎಂದು ತೀರ್ಪು ಕೊಡುವ ಮುನ್ನ

ವಾಹನ ವಿದ್ಯುತ್: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

(ಐಟಿಐಯಲ್ಲಿ ವಾಹನ ವಿದ್ಯುತ್ ಪಾಠ ಹೇಳಿ ನಿವೃತ್ತರಾದ, ಈಗ ಶಿವಮೊಗ್ಗದಲ್ಲಿ ಸಣ್ಣದೊಂದು ವರ್ಕ್‌ಶಾಪ್ ನಡೆಸುವ ನಮ್ಮ ಮೇಷ್ಟ್ರು ಈ ಸಲ ಕಾರಿನ ಆಂಪ್ಲಿಫೈಯರ್ ಕುರಿತ ಪತ್ರಗಳನ್ನು ಎತ್ತಿಕೊಂಡಿದ್ದಾರೆ.)

ಪ್ರಶ್ನೆ: ಮೇಷ್ಟ್ರೇ, ನನ್ನದು ಹಳೆಯ ಸ್ವಿಫ್ಟ್. ಡಿಕ್ಕಿಯಲ್ಲಿ ನಾಲ್ಕು ಚಾನೆಲ್ಲಿನ ಆಂಪ್ಲಿಫೈಯರ್ ಮತ್ತು ಒಂದು ವೂಫರ್ ಇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಆಂಪ್ಲಿಫೈಯರಿನ ನೀಲಿ ದೀಪ ಹೊತ್ತಲೇ ಇಲ್ಲ. ಸ್ಟೀರಿಯೊ ಎಂದಿನಂತೆ ಆನ್ ಆಗುತ್ತದೆ, ಪರದೆಯ ಮೇಲೆ ಹಾಡು ಓಡುತ್ತದೆ, ಸದ್ದು ಮಾತ್ರ ಇಲ್ಲ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಡಿಕ್ಕಿಯ ಬೀಗದ ಕೊಂಡಿಗೂ ಕೆಂಪು ಕಡ್ಡಿಯನ್ನು ಆಂಪ್ಲಿಫೈಯರಿನ ಪ್ಲಸ್ ತಿರುಪಿಗೂ ಹಿಡಿದರೆ 12.4 ವೋಲ್ಟ್ ತೋರಿಸುತ್ತದೆ. ಫ್ಯೂಸ್ ತೆಗೆದು ನೋಡಿದೆ, ಸರಿಯಾಗಿಯೇ ಇದೆ. ಪೇಟೆಯ ಅಂಗಡಿಯವರು ಬಿಚ್ಚಿಯೂ ನೋಡದೆ ‘ಬೋರ್ಡ್ ಸುಟ್ಟಿದೆ, ಹೊಸದು ಹಾಕೋಣ’ ಎಂದರು. ಎಂಟು ಸಾವಿರ ಹೇಳುತ್ತಿದ್ದಾರೆ. ಹಾಕಿಸಲೇ?
— ಅಡಿಕೆ ಬೆಳೆಗಾರ, ಶಿರಸಿ

ಉತ್ತರ: ಸದ್ಯಕ್ಕೆ ಬೇಡ. ಬಿಚ್ಚದೆ, ಮೀಟರ್ ಇಡದೆ, ಬರಿಗಣ್ಣಿನಿಂದ ಬೋರ್ಡ್ ಸುಟ್ಟಿದ್ದನ್ನು ಕಾಣುವ ವಿದ್ಯೆ ನನಗಂತೂ ಸಿದ್ಧಿಸಿಲ್ಲ. ಎಂಟು ಸಾವಿರವನ್ನು ಜೇಬಿನಲ್ಲೇ ಇಟ್ಟುಕೊಂಡು ನಾನು ಹೇಳುವಷ್ಟನ್ನು ಮಾಡಿ.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು, ಕಪ್ಪು ಕಡ್ಡಿ ಎಲ್ಲಿತ್ತು ಎಂಬುದನ್ನೂ ಬರೆದಿರುವುದು. ಹೆಚ್ಚಿನವರು ‘ಕರೆಂಟ್ ಬರುತ್ತಿದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನಿಮ್ಮ ಕಪ್ಪು ಕಡ್ಡಿ ಬೀಗದ ಕೊಂಡಿಯ ಮೇಲಿತ್ತು. ಹಾಗಾಗಿ ನೀವು ಪರೀಕ್ಷಿಸಿದ್ದು ಬಾನೆಟ್ಟಿನಿಂದ ಡಿಕ್ಕಿಗೆ ಬರುವ ದಪ್ಪ ಪ್ಲಸ್ ವೈರನ್ನು. ಆಂಪ್ಲಿಫೈಯರಿನ ಸ್ವಂತ ಅರ್ತ್ ವೈರಿನ ಬಗ್ಗೆ ಆ 12.4 ಏನನ್ನೂ ಹೇಳುವುದಿಲ್ಲ. ಆಂಪ್ಲಿಫೈಯರ್ ತನ್ನ ಕರೆಂಟನ್ನು ವಾಪಸು ಕಳಿಸುವುದು ಬೀಗದ ಕೊಂಡಿಯ ಮೂಲಕವಲ್ಲವಲ್ಲ!

ಆಂಪ್ಲಿಫೈಯರ್ ಎದ್ದೇಳಲು ಬೇಕಾದದ್ದು ಮೂರು: ಬ್ಯಾಟರಿಯಿಂದ ನೇರ ಬರುವ ಪ್ಲಸ್, ಕಾರಿನ ಬಾಡಿಯ ಲೋಹಕ್ಕೆ ಬಿಗಿದ ಅರ್ತ್, ಮತ್ತು ಸ್ಟೀರಿಯೊದಿಂದ ಬರುವ ತೆಳ್ಳನೆಯ ರಿಮೋಟ್ ವೈರ್. ದಪ್ಪ ವೈರಿನಲ್ಲಿ ಕರೆಂಟು ಹಗಲೂ ರಾತ್ರಿ ಕಾದು ನಿಂತಿರುತ್ತದೆ. ರಿಮೋಟ್ ವೈರಿನಲ್ಲಿ 12 ವೋಲ್ಟ್ ಬಂದಾಗ ಮಾತ್ರ ಒಳಗಿನ ಪವರ್ ಸಪ್ಲೈ ಚಾಲೂ ಆಗುತ್ತದೆ. ಈ ಮೂರನ್ನೂ ಆಂಪ್ಲಿಫೈಯರಿನ ತಿರುಪುಗಳ ಮೇಲೆಯೇ ಅಳೆಯಬೇಕು, ಬೇರೆಲ್ಲೂ ಅಲ್ಲ.

ಮೊದಲು ಸ್ಟೀರಿಯೊದಿಂದ ಹಾಡಿನ ಸಂಕೇತ ತರುವ ಆರ್‌ಸಿಎ ವೈರಿನ ಪಿನ್ನುಗಳನ್ನು ಕಿತ್ತಿಡಿ. ಇದಕ್ಕೆ ಕಾರಣವಿದೆ. ಅರ್ತ್ ಕೈಕೊಟ್ಟಾಗ ಆಂಪ್ಲಿಫೈಯರ್ ಸುಮ್ಮನಿರುವುದಿಲ್ಲ; ಆರ್‌ಸಿಎ ವೈರಿನ ಹೊರಕವಚದ ಮೂಲಕ ಸ್ಟೀರಿಯೊದ ಅರ್ತನ್ನು ಹುಡುಕಿಕೊಂಡು ಹೋಗುತ್ತದೆ. ಆ ದಾರಿ ಅಷ್ಟು ಕರೆಂಟಿಗೆ ಮಾಡಿದ್ದಲ್ಲ. ಸ್ಟೀರಿಯೊದೊಳಗಿನ ಕೂದಲೆಳೆಯಂಥ ಟ್ರ್ಯಾಕ್ ಸುಟ್ಟರೆ ಇರುವ ಒಂದು ರಿಪೇರಿ ಎರಡಾಗುತ್ತದೆ.

ಈಗ ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ‘ಜಿಎನ್‌ಡಿ’ (ಅರ್ತ್) ತಿರುಪಿಗೆ, ಕೆಂಪನ್ನು ‘ಬಿ ಪ್ಲಸ್’ (ಬ್ಯಾಟರಿ ಪ್ಲಸ್) ತಿರುಪಿಗೆ ಹಿಡಿಯಿರಿ. ವೋಲ್ಟೇಜು ಸೊನ್ನೆ, ಅಥವಾ ಮೂರು ನಾಲ್ಕರಲ್ಲಿ ಓಲಾಡುತ್ತಿದ್ದರೆ ಕಳ್ಳ ಸಿಕ್ಕಿಬಿದ್ದ, ಅರ್ತ್ ಹೋಗಿದೆ. ಅರ್ತ್ ವೈರ್ ಹಿಡಿದು ಅದು ಎಲ್ಲಿಗೆ ಹೋಗಿದೆ ನೋಡಿ. ಬಣ್ಣದ ಮೇಲೆ ಒಂದು ತಗಡಿನ ಸ್ಕ್ರೂ ಹೊಡೆದು ಬಿಟ್ಟಿರುತ್ತಾರೆ, ಇಲ್ಲವೇ ಸೀಟ್ ಬೆಲ್ಟಿನ ಬೋಲ್ಟಿಗೆ ಸಿಕ್ಕಿಸಿರುತ್ತಾರೆ. ಎರಡೂ ತಪ್ಪು. ಸೀಟ್ ಬೆಲ್ಟಿನ ಬೋಲ್ಟು ನಿಮ್ಮ ಜೀವ ಹಿಡಿಯಲು ಇರುವುದು, ಅದನ್ನು ಇಂಥ ಕೆಲಸಕ್ಕೆ ಸಡಿಲಿಸಬಾರದು. ಬಾಡಿಯ ಗಟ್ಟಿ ಭಾಗವೊಂದನ್ನು ಆರಿಸಿ, ಅದರಡಿ ಪೆಟ್ರೋಲ್ ಟ್ಯಾಂಕ್ ಅಥವಾ ಪೈಪ್ ಇಲ್ಲವೆಂದು ಬಗ್ಗಿ ನೋಡಿ, ಸ್ಯಾಂಡ್‌ಪೇಪರಿನಿಂದ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ. ವೈರಿನ ತುದಿಗೆ ಉಂಗುರದಂಥ ರಿಂಗ್ ಲಗ್ ಹಾಕಿ ನಟ್ಟು ಬೋಲ್ಟಿನಿಂದ ಬಿಗಿಯಿರಿ. ಬಿಗಿದ ಮೇಲೆ ಸುತ್ತ ಬಣ್ಣವನ್ನೋ ಗ್ರೀಸನ್ನೋ ಸವರಿ. ನಿಮ್ಮ ಊರಿನ ಮಳೆಗೆ ಕೆರೆದ ತಗಡು ಬಿಟ್ಟರೆ ಬೇಗ ತುಕ್ಕು ಹಿಡಿಯುತ್ತದೆ. ಅರ್ತ್ ವೈರ್ ಪ್ಲಸ್ ವೈರಿನಷ್ಟೇ ದಪ್ಪಗಿರಲಿ, ಉದ್ದ ಒಂದೂವರೆ ಅಡಿ ದಾಟದಿರಲಿ.

ಜಿಎನ್‌ಡಿಯಿಂದ ಅಳೆದರೂ 12.4 ಬಂದಿತು ಎಂದುಕೊಳ್ಳೋಣ. ಆಗಲೂ ನಂಬಬೇಡಿ. ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ, ಫ್ಯೂಸ್ ಹೋಲ್ಡರಿನಲ್ಲಿ ಹಸಿರು ಕಿಲುಬು ಕಟ್ಟಿದ್ದರೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಯಾರೂ ನಡೆಯದ ಹೊತ್ತಿನಲ್ಲಿ ತೂಗುಸೇತುವೆ ನೋಡಿ ಗಟ್ಟಿಯಾಗಿದೆ ಎಂದಂತೆ. ಭಾರ ಹಾಕಿ ನೋಡಬೇಕು. ಹೆಡ್‌ಲೈಟಿನ ಹಳೆಯ 55 ವಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ ಇಟ್ಟುಕೊಳ್ಳಿ. ಅದು ನಾಲ್ಕೂವರೆ ಆಂಪಿಯರಿನಷ್ಟು ಎಳೆಯುತ್ತದೆ. ಅದನ್ನು ಬಿ ಪ್ಲಸ್ ಮತ್ತು ಜಿಎನ್‌ಡಿ ನಡುವೆ ಹಿಡಿದರೆ ಬೆಳ್ಳಗೆ ಉರಿಯಬೇಕು. ಉರಿಯುತ್ತಿರುವಾಗಲೇ ಆಂಪ್ಲಿಫೈಯರಿನ ಬಳಿಯ ವೋಲ್ಟೇಜನ್ನೂ ಬ್ಯಾಟರಿಯ ಮೇಲಿನದನ್ನೂ ಅಳೆಯಿರಿ. ಎರಡಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟ್ ಕೆಟ್ಟಿದೆ. ಬಲ್ಬಿನ ಗಾಜು ಕೈ ಸುಡುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಫ್ಯೂಸನ್ನು ‘ನೋಡಿದೆ’ ಎಂದಿದ್ದೀರಿ. ಫ್ಯೂಸ್ ನೋಡುವ ವಸ್ತುವಲ್ಲ, ಅಳೆಯುವ ವಸ್ತು. ಗಾಜಿನ ದಪ್ಪ ಫ್ಯೂಸಿನಲ್ಲಿ ಒಳಗಿನ ಪಟ್ಟಿ ನೆಟ್ಟಗೇ ಇದ್ದು, ತುದಿಯ ಲೋಹದ ಟೋಪಿಯೊಳಗೆ ಬೆಸುಗೆ ಬಿಟ್ಟಿರುತ್ತದೆ. ಕಣ್ಣಿಗೆ ಏನೂ ಕಾಣದು. ಹೋಲ್ಡರಿನಲ್ಲಿ ಕೂತಿರುವಾಗಲೇ ಬ್ಯಾಟರಿಯ ಮೈನಸ್ಸಿಗೆ ಕಪ್ಪು ಕಡ್ಡಿ ಇಟ್ಟು ಫ್ಯೂಸಿನ ಎರಡೂ ತುದಿಗೆ ಕೆಂಪು ಕಡ್ಡಿ ತಾಗಿಸಿ, ನಂತರ ಹೋಲ್ಡರಿನಿಂದ ಹೊರಗೆ ಹೋಗುವ ವೈರಿಗೂ ತಾಗಿಸಿ. ಆಂಪ್ಲಿಫೈಯರಿನ ಮೈಮೇಲೆ ಇರುವ ಚಪ್ಪಟೆ ಫ್ಯೂಸುಗಳ ನೆತ್ತಿಯಲ್ಲಿ ಎರಡು ಪುಟ್ಟ ಲೋಹದ ಚುಕ್ಕೆಗಳಿರುತ್ತವೆ. ಅಳೆಯುವುದಕ್ಕೆಂದೇ ಬಿಟ್ಟಿರುವುದು ಅವು.

ಇನ್ನು ರಿಮೋಟ್. ಸ್ಟೀರಿಯೊ ಆನ್ ಮಾಡಿ, ಕಪ್ಪು ಕಡ್ಡಿ ಜಿಎನ್‌ಡಿಯಲ್ಲೇ ಇರಲಿ, ಕೆಂಪನ್ನು ‘ಆರ್‌ಇಎಂ’ ತಿರುಪಿಗೆ ತಾಗಿಸಿ. ಹನ್ನೆರಡರ ಆಸುಪಾಸು ಬರಬೇಕು. ಬಾರದಿದ್ದರೆ ಎರಡು ಇಂಚಿನ ವೈರಿನ ತುಂಡಿನಿಂದ ಅಲ್ಲೇ ಇರುವ ಬಿ ಪ್ಲಸ್ ಮತ್ತು ಆರ್‌ಇಎಂ ತಿರುಪುಗಳನ್ನು ಒಂದು ಕ್ಷಣ ಸೇರಿಸಿ. ಜಿಎನ್‌ಡಿಗೆ ತಾಗದಂತೆ ನೋಡಿಕೊಳ್ಳಿ. ನೀಲಿ ದೀಪ ಹೊತ್ತಿತೇ? ಹಾಗಿದ್ದರೆ ಆಂಪ್ಲಿಫೈಯರ್ ಚೆನ್ನಾಗಿದೆ. ದೋಷ ಹೆಚ್ಚಾಗಿ ಸ್ಟೀರಿಯೊ ಮತ್ತು ಡಿಕ್ಕಿಯ ನಡುವಿನ ಆ ತೆಳ್ಳನೆಯ ವೈರಿನಲ್ಲಿದೆ. ಮಳೆಗಾಲದಲ್ಲಿ ಕಾರಿನೊಳಗೆ ಬೆಚ್ಚಗೆ ಸೇರಿಕೊಳ್ಳುವ ಇಲಿಗಳ ಮೇಲೆ ನನ್ನ ಗುಮಾನಿ. ಕಾರ್ಪೆಟ್ಟಿನಡಿ, ಬಾಗಿಲಿನ ಹೊಸ್ತಿಲ ಪಟ್ಟಿಯಡಿ ಹಿಕ್ಕೆ ಇದೆಯೇ ನೋಡಿ. ಅಡಿಕೆ ಮನೆಯ ಪಕ್ಕ ಕಾರು ನಿಲ್ಲಿಸುವವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರೂ ತಿರುಪುಗಳಲ್ಲಿ ವೋಲ್ಟೇಜು ಸರಿ ಇದೆ, ಬಲ್ಬು ಚೆನ್ನಾಗಿ ಉರಿಯಿತು, ಮೇಲಿನ ಫ್ಯೂಸುಗಳೂ ಸರಿ, ಆದರೂ ದೀಪವಿಲ್ಲ: ಆಗ, ಆಗ ಮಾತ್ರ, ಆಂಪ್ಲಿಫೈಯರನ್ನು ಬಿಚ್ಚಿ ತೆಗೆದು ಎಲೆಕ್ಟ್ರಾನಿಕ್ಸ್ ರಿಪೇರಿ ಬಲ್ಲವರ ಮೇಜಿಗೆ ಕೊಡಿ. ಬಿಚ್ಚುವ ಮುನ್ನ ಬ್ಯಾಟರಿಯ ಮೈನಸ್ ಕಳಚಿ. ಒಳಗೆ 12 ವೋಲ್ಟನ್ನು ಉಂಗುರದಾಕಾರದ ಟ್ರಾನ್ಸ್‌ಫಾರ್ಮರಿನ ಮೂಲಕ ಏರಿಸುವ ಮಾಸ್ಫೆಟ್‌ಗಳು, ಅಂದರೆ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರುಗಳು, ಇರುತ್ತವೆ. ಎಷ್ಟೋ ಆಂಪ್ಲಿಫೈಯರುಗಳಲ್ಲಿ ಅವನ್ನು ಕುಣಿಸುವುದು ಟಿಎಲ್494 ಎಂಬ ಪುಟ್ಟ ಐಸಿ. ಇವು ದುಬಾರಿ ಭಾಗಗಳಲ್ಲ, ಬೆಲೆ ಇರುವುದು ಕೈಕೆಲಸಕ್ಕೆ. ಫ್ಯೂಸ್ ಹಾಕಿದೊಡನೆ ಪಟ್ಟೆಂದು ಹಾರುತ್ತಿದ್ದರೆ ಮಾಸ್ಫೆಟ್ ಶಾರ್ಟ್ ಆಗಿರಬಹುದು, ಅಥವಾ ಯಾರೋ ಒಮ್ಮೆ ಪ್ಲಸ್ ಮೈನಸ್ ಅದಲುಬದಲು ಕೊಟ್ಟು ರಕ್ಷಣೆಯ ಡಯೋಡ್ ಹೋಗಿರಬಹುದು. ಹೊಸ ಹೊಸ ಫ್ಯೂಸ್ ಹಾಕುತ್ತ ಕೂರಬೇಡಿ. ಮೇಜಿನ ಮೇಲೆ ಪರೀಕ್ಷಿಸುವವರು ಪ್ಲಸ್ ದಾರಿಯಲ್ಲಿ ಅದೇ ಹೆಡ್‌ಲೈಟ್ ಬಲ್ಬನ್ನು ಸರಣಿಯಲ್ಲಿ ಹಾಕಿ ಪರೀಕ್ಷಿಸಲಿ. ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಇನ್ನೊಂದು ಭಾಗ ಸುಡುವುದಿಲ್ಲ.

ಪ್ರಶ್ನೆ: ಸರ್, ಒಂದು ವೂಫರ್ ಇದ್ದಲ್ಲಿಗೆ ಇನ್ನೊಂದನ್ನು ಸೇರಿಸಿದೆ. ಎರಡೂ 4 ಓಮ್. ಎರಡು ಚಾನೆಲ್ಲಿನ ಆಂಪ್ಲಿಫೈಯರನ್ನು ಬ್ರಿಡ್ಜ್ ಮಾಡಿದ್ದೇನೆ. ಈಗ ಆನ್ ಮಾಡಿದ ತುಸು ಹೊತ್ತಿಗೆ ಕೆಂಪು ದೀಪ ಬಂದು ನಿಂತುಬಿಡುತ್ತದೆ.
— ಮೀನು ಲಾರಿ ಮಾಲೀಕ, ಮಂಗಳೂರು

ಉತ್ತರ: ಕೆಂಪು ದೀಪ ಎಂದರೆ ‘ಪ್ರೊಟೆಕ್ಟ್’. ಅದು ಬಂದಿದೆ ಎಂದರೆ ಆಂಪ್ಲಿಫೈಯರಿಗೆ ಕರೆಂಟು ತಲುಪುತ್ತಿದೆ. ಅದು ತಾನಾಗಿ ಕೆಲಸ ನಿಲ್ಲಿಸಿದೆ. ಎರಡು 4 ಓಮ್ ವೂಫರುಗಳನ್ನು ಸಮಾಂತರವಾಗಿ ಕೂಡಿಸಿದರೆ 2 ಓಮ್. ಬ್ರಿಡ್ಜ್ ಎಂದರೆ ಎರಡು ಚಾನೆಲ್ಲುಗಳನ್ನು ಒಂದಾಗಿಸಿ ದುಡಿಸುವುದು; ಅದರಲ್ಲಿ ಪ್ರತಿ ಚಾನೆಲ್ಲಿಗೂ ಈ 2 ಓಮಿನ ಅರ್ಧ, ಅಂದರೆ 1 ಓಮ್ ಕಾಣುತ್ತದೆ. ಹೆಚ್ಚಿನ ಆಂಪ್ಲಿಫೈಯರುಗಳ ಕೈಪಿಡಿಯಲ್ಲಿ ಬ್ರಿಡ್ಜಿಗೆ ಕನಿಷ್ಠ 4 ಓಮ್ ಎಂದಿರುತ್ತದೆ. ಎರಡು ವೂಫರುಗಳನ್ನು ಸರಣಿಯಲ್ಲಿ ಹಾಕಿ, 8 ಓಮ್ ಆಗುತ್ತದೆ. ಸದ್ದು ನೀವು ಕನಸು ಕಂಡಷ್ಟು ಇರದು, ಆದರೆ ಆಂಪ್ಲಿಫೈಯರ್ ಬದುಕುತ್ತದೆ. ಇಲ್ಲವೇ ಬ್ರಿಡ್ಜ್ ಬಿಟ್ಟು ಒಂದೊಂದು ಚಾನೆಲ್ಲಿಗೆ ಒಂದೊಂದು ವೂಫರ್ ಕೊಡಿ.

ಹೀಗೆ ಮಾಡಿಯೂ ಕೆಂಪು ದೀಪ ಹೋಗದಿದ್ದರೆ ಸ್ಪೀಕರ್ ವೈರುಗಳನ್ನೂ ಆರ್‌ಸಿಎಯನ್ನೂ ಪೂರ್ತಿ ಕಿತ್ತು, ಪ್ಲಸ್, ಅರ್ತ್, ರಿಮೋಟ್ ಮೂರನ್ನೇ ಇಟ್ಟು ಆನ್ ಮಾಡಿ. ಆಗಲೂ ಕೆಂಪಾದರೆ ದೋಷ ಒಳಗಿದೆ. ಕೆಂಪಾಗದಿದ್ದರೆ ಒಂದೊಂದೇ ಸ್ಪೀಕರ್ ಸೇರಿಸುತ್ತ ಹೋಗಿ, ಯಾವುದಕ್ಕೆ ಕೆಂಪಾಗುತ್ತದೆ ಎಂದು ಹಿಡಿಯಿರಿ. 4 ಓಮಿನ ಸ್ಪೀಕರನ್ನು ಮೀಟರಿನಲ್ಲಿ ಅಳೆದರೆ ಮೂರೂಕಾಲು, ಮೂರೂವರೆ ತೋರಿಸುತ್ತದೆ, ಗಾಬರಿ ಬೇಡ. ಸ್ಪೀಕರ್ ವೈರಿಗೂ ಕಾರಿನ ಬಾಡಿಗೂ ನಡುವೆ ಮಾತ್ರ ಯಾವ ಸಂಪರ್ಕವೂ ಇರಬಾರದು. ಬಾಗಿಲಿನ ರಬ್ಬರ್ ತೂರುವಲ್ಲಿ ಸಿಪ್ಪೆ ಸುಲಿದು ಬಾಡಿಗೆ ತಾಗಿರುವುದು ಸಾಮಾನ್ಯ.

ಕರಾವಳಿಯವರಾದ್ದರಿಂದ ಇನ್ನೊಂದು ಮಾತು. ಪೊಟ್ಟಣದಲ್ಲಿ ಬರುವ ಅಗ್ಗದ ವೈರಿಂಗ್ ಕಿಟ್ಟಿನ ವೈರನ್ನು ಚಾಕುವಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬೆಳ್ಳಿಯ ಬಣ್ಣ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದರ ತಡೆ ಅಷ್ಟೇ ದಪ್ಪದ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಉಪ್ಪುಗಾಳಿಗೆ ತುದಿ ಬಿಳಿ ಪುಡಿಯಾಗುತ್ತದೆ. ನನ್ನ ವರ್ಕ್‌ಶಾಪಿನ ಬಾಗಿಲ ಒಳಗೆ ಆ ವೈರನ್ನು ನಾನು ಬಿಟ್ಟುಕೊಳ್ಳುವುದಿಲ್ಲ. ಗಿರಾಕಿ ಮುನಿಸಿಕೊಂಡು ಹೋದರೂ ಸರಿ.

ಪ್ರಶ್ನೆ: ಎಫ್ಎಂ ಹಾಕಿದರೆ ಆಂಪ್ಲಿಫೈಯರ್ ಆನ್ ಆಗುತ್ತದೆ, ಬ್ಲೂಟೂತಿಗೆ ಬದಲಿಸಿದರೆ ಆಫ್. ದೆವ್ವವೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು

ಉತ್ತರ: ದೆವ್ವವಲ್ಲ ತಾಯಿ, ನೀಲಿ ವೈರು. ಸ್ಟೀರಿಯೊದ ಹಿಂದೆ ಬರಿ ನೀಲಿಯದೊಂದು, ನೀಲಿಯ ಮೇಲೆ ಬಿಳಿ ಗೆರೆ ಇರುವುದೊಂದು ವೈರ್ ಇರುತ್ತವೆ. ಬರಿ ನೀಲಿ ಆಂಟೆನಾಕ್ಕೆ. ಕೆಲವು ಸ್ಟೀರಿಯೊಗಳಲ್ಲಿ ರೇಡಿಯೊ ಹಾಡುವಾಗ ಮಾತ್ರ ಅದರಲ್ಲಿ ವೋಲ್ಟೇಜು ಬರುತ್ತದೆ. ಬಿಳಿ ಗೆರೆಯದ್ದು ಆಂಪ್ಲಿಫೈಯರಿಗೆ. ಕೂಡಿಸಿದವರು ಗೆರೆ ಗಮನಿಸಿಲ್ಲ. ಆಂಡ್ರಾಯ್ಡ್ ಸ್ಟೀರಿಯೊ ಆದರೆ ಬಣ್ಣವನ್ನು ನಂಬದೆ ವೈರಿನ ಮೇಲಿನ ಚೀಟಿ ಓದಿ.

ಪ್ರಶ್ನೆ: ಕಂಪನಿಯಿಂದಲೇ ಬಂದ ಟಚ್ ಸ್ಕ್ರೀನ್ ಸ್ಟೀರಿಯೊ ಬದಲಿಸಲು ಮನಸ್ಸಿಲ್ಲ. ಅದರ ಹಿಂದೆ ರಿಮೋಟ್ ವೈರೇ ಇಲ್ಲ ಎನ್ನುತ್ತಾರೆ. ಆಂಪ್ಲಿಫೈಯರನ್ನು ಆನ್ ಮಾಡುವುದು ಹೇಗೆ?
— ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಎರಡು ದಾರಿ. ಸ್ಪೀಕರ್ ವೈರನ್ನೇ ನೇರ ಕೂಡಿಸಿಕೊಳ್ಳುವ, ‘ಹೈ ಲೆವೆಲ್ ಇನ್‌ಪುಟ್’ ಮತ್ತು ಆಟೊ ಆನ್ ಇರುವ ಆಂಪ್ಲಿಫೈಯರ್ ಕೊಂಡರೆ ರಿಮೋಟ್ ವೈರ್ ಬೇಕಿಲ್ಲ. ಸ್ಟೀರಿಯೊ ಚಾಲೂ ಆದಾಗ ಅದರ ಸ್ಪೀಕರ್ ವೈರುಗಳಲ್ಲಿ ಬಾಡಿಗೆ ಹೋಲಿಸಿದರೆ ಸುಮಾರು 6 ವೋಲ್ಟ್ ಡಿಸಿ ಇರುತ್ತದೆ. ಆಂಪ್ಲಿಫೈಯರ್ ಅದನ್ನು ಗುರುತಿಸಿ ಎದ್ದೇಳುತ್ತದೆ. ನನಗೆ ಇದೇ ಇಷ್ಟ, ಕಾರಿನ ವೈರಿಂಗ್ ಕತ್ತರಿಸುವುದು ಕಡಿಮೆ.

ಇನ್ನೊಂದು, ಫ್ಯೂಸ್ ಬಾಕ್ಸಿನಲ್ಲಿ ಕೀಲಿ ಒಂದು ಹಂತ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸಿನಿಂದ, ಚಾರ್ಜರ್ ಸಾಕೆಟ್ಟಿನದು ಅನುಕೂಲ, 1 ಆಂಪಿಯರ್ ಫ್ಯೂಸ್ ಹಾಕಿ ರಿಮೋಟ್ ಎಳೆಯುವುದು. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರಿನ ಫ್ಯೂಸುಗಳತ್ತ ಕೈ ಹಾಕಲೇಬಾರದು. ಹಳದಿ ಕಪ್ಲರ್ ಅಥವಾ ಹಳದಿ ಕವಚದ ವೈರ್ ಕಂಡರೆ ಅದು ಏರ್‌ಬ್ಯಾಗಿನದೆಂದೇ ತಿಳಿದು ಬಿಟ್ಟುಬಿಡಿ. ಟೆಸ್ಟ್ ಲ್ಯಾಂಪಿನಿಂದ ಅದನ್ನು ಚುಚ್ಚುವವರನ್ನು ಕಾರಿನಿಂದ ಇಳಿಸಿ. ಎರಡು ಮೂರು ಆಂಪ್ಲಿಫೈಯರ್, ಜೊತೆಗೆ ಫ್ಯಾನು ಎಂದೆಲ್ಲ ಯೋಜನೆ ಇದ್ದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ನಾಲ್ಕು ಕಾಲಿನ ರಿಲೇ ಹಾಕಿಸಿ. ಅದರ ಕಾಲುಗಳಿಗೆ ಸಂಖ್ಯೆಗಳಿರುತ್ತವೆ: 86ಕ್ಕೆ ಕೀಲಿಯ ಪ್ಲಸ್, 85ಕ್ಕೆ ಅರ್ತ್, 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಹೊರಗೆ.

ಪ್ರಶ್ನೆ: ಆಂಪ್ಲಿಫೈಯರ್ ಆನ್ ಆಗುತ್ತಿರಲಿಲ್ಲ. ಮೆಕ್ಯಾನಿಕ್ ರಿಮೋಟನ್ನು ಪ್ಲಸ್ಸಿಗೇ ಸೇರಿಸಿ ‘ಸರಿಪಡಿಸಿದ’. ಈಗ ಎರಡು ದಿನ ಕಾರು ನಿಲ್ಲಿಸಿದರೆ ಸೆಲ್ಫ್ ಹೊಡೆಯುವುದಿಲ್ಲ. ಬ್ಯಾಟರಿ ಬದಲಿಸಬೇಕೇ?
— ಶಾಲಾ ಶಿಕ್ಷಕಿ, ಕಲಬುರಗಿ

ಉತ್ತರ: ನಾನು ಮೇಲೆ ಒಂದು ಕ್ಷಣ ಮಾಡಿ ನೋಡಿ ಎಂದ ಪರೀಕ್ಷೆಯನ್ನೇ ಅವರು ಕಾಯಂ ಮಾಡಿದ್ದಾರೆ. ಹಾಡಿಲ್ಲದಿದ್ದರೂ ಆನ್ ಆಗಿರುವ ಆಂಪ್ಲಿಫೈಯರ್ 1 ಆಂಪಿಯರಿನಷ್ಟು ಎಳೆಯಬಲ್ಲದು. ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಆ ಲೆಕ್ಕದಲ್ಲಿ ಒಂದೂವರೆ ದಿನಕ್ಕೆ ಬರಿದು. ಸೆಲ್ಫ್ ಹೊಡೆಯುವ ಶಕ್ತಿ ಅದಕ್ಕೂ ಮೊದಲೇ ಹೋಗಿರುತ್ತದೆ. ಮೊದಲು ಆ ತುಂಡು ವೈರನ್ನು ತೆಗೆಸಿ, ಕಡಿದಿರುವ ರಿಮೋಟ್ ವೈರನ್ನು ಹುಡುಕಿಸಿ. ಬ್ಯಾಟರಿಯನ್ನು ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯಿರಿ. 12.6ರ ಸುಮಾರಿಗೆ ನಿಂತರೆ ಮತ್ತು ಲೋಡ್ ಪರೀಕ್ಷೆಯಲ್ಲಿ ಪಾಸಾದರೆ ಇಟ್ಟುಕೊಳ್ಳಿ. ಆದರೆ ಪದೇ ಪದೇ ತಳ ಕಂಡ ಬ್ಯಾಟರಿಗೆ ಆಯುಸ್ಸು ಕಡಿಮೆ.

ಪ್ರಶ್ನೆ: ಮಧ್ಯಾಹ್ನ ಅರ್ಧ ಗಂಟೆ ಹಾಡಿ ಆಂಪ್ಲಿಫೈಯರ್ ಆಫ್ ಆಗುತ್ತದೆ. ಸಂಜೆ ಏನೂ ತೊಂದರೆಯಿಲ್ಲ.
— ಟ್ಯಾಕ್ಸಿ ಚಾಲಕ, ರಾಯಚೂರು

ಉತ್ತರ: ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಮನುಷ್ಯರೇ ಆಫ್ ಆಗುತ್ತಾರೆ. ಸೀಟಿನಡಿ ಕಾರ್ಪೆಟ್ ಹೊದಿಸಿ ಇಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ, ಆಂಪ್ಲಿಫೈಯರಿನ ಮೈಮೇಲಿನ ಲೋಹದ ರೆಕ್ಕೆಗಳಿಗೆ ಗಾಳಿ ಆಡಲಿ. ಗೇನ್ ತಿರುಪನ್ನು ಪೂರ್ತಿ ಮೇಲೆ ತಿರುಗಿಸಿದ್ದರೆ ಇಳಿಸಿ. ಅದು ಸದ್ದಿನ ಗುಂಡಿಯಲ್ಲ. ಸ್ಟೀರಿಯೊದ ಸಂಕೇತಕ್ಕೆ ಹೊಂದಿಸಿಕೊಳ್ಳಲು ಇರುವುದು.

ಪ್ರಶ್ನೆ: 30 ಆಂಪಿಯರ್ ಫ್ಯೂಸ್ ಆಗಾಗ ಹೋಗುತ್ತಿದೆ. 60 ಹಾಕಬಹುದೇ? ಗೆಳೆಯ ತಾಮ್ರದ ಎಳೆ ಸುತ್ತಿಕೊಟ್ಟಿದ್ದಾನೆ.
— ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಪತ್ರಿಕೆ ಕೆಳಗಿಟ್ಟು ಹೋಗಿ ಆ ಎಳೆ ತೆಗೆದು ಬಾ. ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಯಲು ಎಂದುಕೊಂಡಿದ್ದೀಯೆ. ಬ್ಯಾಟರಿಯ ಬಳಿಯ ಫ್ಯೂಸ್ ಕಾಯುವುದು ವೈರನ್ನು, ಅದರ ಮೂಲಕ ಕಾರನ್ನು, ಅದರೊಳಗೆ ಕೂತ ನಿನ್ನನ್ನು. ಅದಕ್ಕೇ ಅದು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಈಗ ಲೆಕ್ಕ ಮಾಡು: ನಿಜವಾದ 500 ವಾಟ್ ಕೊಡುವ ಕ್ಲಾಸ್ ಡಿ ಆಂಪ್ಲಿಫೈಯರಿನ ದಕ್ಷತೆ ನೂರಕ್ಕೆ 80 ಎಂದುಕೊಂಡರೆ ಅದು ತೆಗೆದುಕೊಳ್ಳುವುದು 625 ವಾಟ್. ಎಂಜಿನ್ ಓಡುವಾಗಿನ 13.8 ವೋಲ್ಟಿನಿಂದ ಭಾಗಿಸು, 45 ಆಂಪಿಯರ್. ನಿನ್ನ ಆಂಪ್ಲಿಫೈಯರ್ ಅಷ್ಟು ದೊಡ್ಡದಾಗಿದ್ದರೆ ವೈರನ್ನು ದಪ್ಪ ಮಾಡಿ, ಆ ವೈರಿಗೆ ತಕ್ಕ ಫ್ಯೂಸ್ ಹಾಕಿಸು. ಚಿಕ್ಕದಾಗಿದ್ದೂ 30 ಹೋಗುತ್ತಿದ್ದರೆ ಎಲ್ಲೋ ಶಾರ್ಟ್ ಇದೆ. ಪೆಟ್ಟಿಗೆಯ ಮೇಲೆ ಅಚ್ಚಾದ ‘3000 ವಾಟ್’ ನಂಬಬೇಡ, ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವಾಟ್, ಎಷ್ಟು ನೋಡು. ಗೆಳೆಯನಿಗೂ ಇದನ್ನು ಓದಿಸು.

ಪ್ರಶ್ನೆ: ವಿದ್ಯುತ್ ಕಾರು ಕೊಂಡಿದ್ದೇವೆ. ಅದಕ್ಕೂ ಆಂಪ್ಲಿಫೈಯರ್ ಹಾಕಬಹುದೇ?
— ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ಹಾಕಬಹುದು. ದೊಡ್ಡ ಬ್ಯಾಟರಿಯಲ್ಲದೆ ದೀಪ, ಹಾರ್ನ್, ಸ್ಟೀರಿಯೊಗಳಿಗೆಂದು ಸಾಮಾನ್ಯವಾಗಿ ಬೇರೆಯೇ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ, ಕೆಲಸವೆಲ್ಲ ಅದರಿಂದಲೇ. ಕಿತ್ತಳೆ ಬಣ್ಣದ ಕೇಬಲ್ಲುಗಳು ದೊಡ್ಡ ಬ್ಯಾಟರಿಯವು, ನೂರಾರು ವೋಲ್ಟ್. ಅವುಗಳ ಹತ್ತಿರಕ್ಕೂ ವೈರ್ ಎಳೆಯಕೂಡದು. ಕಾರು ಪೂರ್ತಿ ಆನ್ ಇಲ್ಲದೆ ಗಂಟೆಗಟ್ಟಲೆ ಹಾಡು ಕೇಳಿ ಆ ಸಣ್ಣ ಬ್ಯಾಟರಿ ಖಾಲಿಯಾದರೆ, ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ. ಹಾಕಿಸುವ ಮುನ್ನ ವಾರಂಟಿಗೆ ತೊಂದರೆಯಿಲ್ಲವೆಂದು ಸರ್ವಿಸ್ ಸೆಂಟರಿನಿಂದ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ‘ಆಯಿತು ಸರ್’ ಎಂದವರು ಆರು ತಿಂಗಳಿಗೆ ಬೇರೆ ಊರಿಗೆ ವರ್ಗವಾಗಿರುತ್ತಾರೆ.